‘ಎಲ್ಲರೂ ಕ್ಷೇಮ’ ಎಂದಿದ್ದ ಬೋರ್ಡು

ನಮ್ಮವ್ವ ಬೋರ್ಡು ನೋಡದೆ ತುತ್ತು ಬಾಯಿಗಿಡುತ್ತಿರಲಿಲ್ಲ. ಬೋರ್ಡು ಅಂದರೆ ನಮ್ಮ ಕಡೆಯವರ ಸಂಘದ ಕರೀ ಬೋರ್ಡು. ವಿಲೆ ಪಾರ್ಲೆಯ ಒಂದು ಚಾಳಿನ ಕೆಳಗಿನ ಖೋಲಿಯಲ್ಲಿ ಸಂಘದ ಆಫೀಸಿದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಗಾರೆ ಕೆಲಸ, ಹಮಾಲಿ ಮಾಡುತ್ತ ಮುಂಬಯಿಯಲ್ಲೇ ಉಳಿದುಬಿಟ್ಟವರ ಸಂಘ ಅದು. ಯಾರಾದರೂ ತೀರಿಕೊಂಡರೆ ಸಂಘದ ಗುಮಾಸ್ತ ಕಾಕಾ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ: ಯಾರು, ಯಾವ ಊರಿನವರು, ಎಷ್ಟು ಗಂಟೆಗೆ, ಎಲ್ಲಿ ಮಣ್ಣು. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ, ಅದಕ್ಕೇ ಮಣ್ಣು ಅನ್ನುವುದು. ಯಾರೂ ಸಾಯದ ದಿನ ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನಟ್ಟನಡುವೆ ಎರಡೇ ಪದ ಬರೆಯುತ್ತಾರೆ: ಎಲ್ಲರೂ ಕ್ಷೇಮ.

ಇಷ್ಟಕ್ಕೆಲ್ಲ ಬೋರ್ಡು ಯಾಕೆ, ಒಂದು ಫೋನು ಮಾಡಿದರಾಗದೆ ಎಂದು ನನ್ನ ಆಫೀಸಿನವರು ಕೇಳಿದ್ದುಂಟು. ಆಗುವುದಿಲ್ಲ. ಮದುವೆಗೆ ಕರೆದರೆ ಹೋಗಬೇಕು, ಮಣ್ಣಿಗೆ ಕೇಳಿದರೆ ಹೋಗಬೇಕು ಅನ್ನುತ್ತಾರೆ ನಮ್ಮ ಹಿರಿಯರು. ಸಾವಿನ ಮನೆಯವರು ತಾವಾಗಿ ಯಾರನ್ನೂ ಕರೆಯುವ ಹಾಗಿಲ್ಲ. ಸುದ್ದಿ ಬೇರೆಯವರ ಬಾಯಿಂದ ಹೋಗಬೇಕು. ಊರಲ್ಲಾದರೆ ಒಬ್ಬ ಆಳು ಓಣಿ ಓಣಿ ತಿರುಗಿ ಹೇಳಿ ಬರುತ್ತಿದ್ದ. ಈ ಶಹರದಲ್ಲಿ ಎಲ್ಲಿಯ ಓಣಿ? ಒಬ್ಬರು ವಡಾಲದಲ್ಲಿ, ಒಬ್ಬರು ಪವಾಯಿಯಲ್ಲಿ. ಆ ಆಳಿನ ಕೆಲಸವನ್ನು ಬೋರ್ಡು ಮಾಡುತ್ತಿತ್ತು.

ಸರ್ವರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಕೆಲವು ವರ್ಷಗಳ ಹಿಂದೆ ಸಂಘಕ್ಕೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಅದರಲ್ಲಿ ಯಾರೂ ಏನೂ ಓದುವುದಿಲ್ಲ, ಬೋರ್ಡಿನ ಫೋಟೋ ಒಂದನ್ನೇ ನೋಡುತ್ತಾರೆ. ಕಾಕಾ ದಿನಾ ಬೆಳಿಗ್ಗೆ ಬೋರ್ಡು ಬರೆದು, ಮೊಬೈಲಿನಲ್ಲಿ ಫೋಟೋ ಹೊಡೆದು ಹಾಕುತ್ತಾರೆ. ಅವರಿಗೆ ಕಲಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಒಂದೊಂದು ದಿನ ಒಂದೊಂದು ಹೆಸರು ಕೊಟ್ಟು ಫೋಟೋ ಎಲ್ಲೆಲ್ಲೋ ಹೋಗಿ ಕೂರುತ್ತಿತ್ತು. ಕೊನೆಗೆ ಸಿಟ್ಟು ಬಂದು ಹೇಳಿದ್ದೆ: “ಕಾಕಾ, ದಿನಾ ಒಂದ ಹೆಸರು ಇಡ್ರಿ. ಬೋರ್ಡ್ ಅಂತ. ಹೊಸಾದು ಹಾಕಿದ್ರ ಹಳೇದು ತಾನ ಅಳಸಿ ಹೋಗ್ತೈತಿ. ನೀವು ಬ್ಯಾರೆ ಏನೂ ಮುಟ್ಟಬ್ಯಾಡ್ರಿ.” ಅವರು ಅವತ್ತಿನಿಂದ ಬೇರೆ ಏನೂ ಮುಟ್ಟಲಿಲ್ಲ.

ಅವ್ವನಿಗೆ ಓದು ಬಾರದು. ಆದರೆ ನಡುವೆ ಎರಡು ಪದವಿದ್ದರೆ ಎಲ್ಲರೂ ಕ್ಷೇಮ, ಬೋರ್ಡು ತುಂಬ ಸಾಲುಗಳಿದ್ದರೆ ಯಾರೋ ಹೋದರು ಎಂದು ಅವಳಿಗೆ ತಿಳಿಯುತ್ತಿತ್ತು. ಸಾಲುಗಳಿದ್ದರೆ ವೈನಿಯನ್ನು, ಅಂದರೆ ನನ್ನ ಅತ್ತಿಗೆಯನ್ನು, ಕರೆದು ಓದಿಸುತ್ತಿದ್ದಳು. ಅವ್ವ ಇರುವುದು ವಡಾಲದಲ್ಲಿ, ನಮ್ಮಣ್ಣನ ಮನೆಯಲ್ಲಿ. ನಾನು ಆಫೀಸಿಗೆ ಹತ್ತಿರ ಅಂತ ಪವಾಯಿಯಲ್ಲಿ ಖೋಲಿ ಮಾಡಿಕೊಂಡಿದ್ದೇನೆ. ತನ್ನವರ ಹೆಣ ಇನ್ನೂ ಮನೆಯಲ್ಲಿರುವಾಗ ಗೊತ್ತಿಲ್ಲದೆ ಉಂಡುಬಿಟ್ಟರೆ ಎಂಬುದು ಅವ್ವನ ಹೆದರಿಕೆ. ಹಾಗಾಗಿ ಮೊದಲು ಬೋರ್ಡು, ಆಮೇಲೆ ರೊಟ್ಟಿ.

ತೊಂದರೆ ಇದ್ದದ್ದು ಆ ಫೋಟೋದಲ್ಲಿ. ಕಾಕಾನ ಮಗ ಅವರಿಗೆ ದೊಡ್ಡ ಕ್ಯಾಮೆರಾದ ಮೊಬೈಲು ಕೊಡಿಸಿದ ಮೇಲೆ ಫೋಟೋ ವಿಪರೀತ ಭಾರವಾಯಿತು. ಅಣ್ಣನ ಬಿಲ್ಡಿಂಗಿಗೆ ಆತುಕೊಂಡೇ ಇನ್ನೊಂದು ಬಿಲ್ಡಿಂಗು, ನೆಟ್‌ವರ್ಕು ಹೋಗುವುದು ಬರುವುದು. ಅವ್ವ ಕಿಟಕಿಯ ಸರಳಿಗೆ ಮೊಬೈಲು ಒತ್ತಿ ಹಿಡಿದು ನಿಲ್ಲುತ್ತಿದ್ದಳು. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು. ಅವಳಿಗೆ ಸಕ್ಕರೆ ಕಾಯಿಲೆ, ಗುಳಿಗೆ ನುಂಗಿ ಅರ್ಧ ಗಂಟೆಯಲ್ಲಿ ತಿನ್ನಲೇಬೇಕು. ಒಂದು ದಿನ ಬೋರ್ಡು ತೆರೆಯುವ ಹೊತ್ತಿಗೆ ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದಳು. ವೈನಿ ಫೋನಿನಲ್ಲಿ ಅದನ್ನು ಹೇಳಿದಾಗ ನಾನು ಅವ್ವನ ಮೇಲೆಯೇ ರೇಗಾಡಿದೆ.

“ಯವ್ವಾ, ತಿಂದ ಮ್ಯಾಲ ನೋಡಿದ್ರ ಬೋರ್ಡೇನು ಓಡಿಹೋಗ್ತೈತೇನು?”

“ನಿನಗ ತಿಳೆಂಗಿಲ್ಲ ಬಿಡಪಾ. ನಿಮ್ಮ ದೊಡ್ಡವ್ವ ಒಬ್ಬಾಕಿ ಅದಾಳ. ಅಕೀ ಸಲವಾಗಿ ನೋಡಬೇಕು,” ಅಂದಳು.

ದೊಡ್ಡವ್ವ ಅಂದರೆ ಅವ್ವನ ಒಡಹುಟ್ಟಿದವಳಲ್ಲ. ಪವಾಯಿಯಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗುಗಳು ಏಳುತ್ತಿದ್ದ ಕಾಲಕ್ಕೆ ಇಬ್ಬರೂ ಒಂದೇ ಸೈಟಿನಲ್ಲಿ ಬುಟ್ಟಿ ಹೊತ್ತವರು. ನಾನು ಹಾಲು ಕುಡಿಯುವ ಕೂಸಾಗಿದ್ದಾಗ ನನ್ನನ್ನು ಮರಳಿನ ಗುಡ್ಡೆಯ ಪಕ್ಕದಲ್ಲಿ ಮಲಗಿಸಿ, ಒಬ್ಬಳು ಹೊತ್ತರೆ ಇನ್ನೊಬ್ಬಳು ನೋಡಿಕೊಳ್ಳುತ್ತಿದ್ದರಂತೆ. ಇಬ್ಬರಿಗೂ ತವರು ಅನ್ನುವುದು ಅಳಿದುಹೋಗಿತ್ತು. ಅವ್ವನ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡ. ದೊಡ್ಡವ್ವನಿಗೆ ತವರಿನಲ್ಲಿ ಮೊದಲಿಂದಲೂ ಯಾರೂ ಇರಲಿಲ್ಲ. ನಮ್ಮಲ್ಲಿ ಹೆಣ್ಣು ಸತ್ತರೆ ಅವಳ ತವರಿನವರು ಒಂದು ಸೀರೆ ತಂದು ಹೊದಿಸಬೇಕು. ಅದು ಬರುವ ತನಕ ಮನೆಯಿಂದ ಹೆಣ ಎತ್ತುವುದಿಲ್ಲ. ತವರಿನ ಸೀರೆ ಇಲ್ಲದೆ ಹೋದವಳು ಬರಿಗೈಯಲ್ಲಿ ಹೋದಳು ಅನ್ನುತ್ತಾರೆ. ಎಷ್ಟೋ ವರ್ಷದ ಹಿಂದೆ ಇಬ್ಬರೂ ಒಂದೇ ಅಂಗಡಿಗೆ ಹೋಗಿ ಎರಡು ಇಳಕಲ್ ಸೀರೆ ತಂದಿದ್ದರು. ದೊಡ್ಡವ್ವನಿಗೆ ಹೊದಿಸುವ ಸೀರೆ ಅವ್ವನ ಟ್ರಂಕಿನಲ್ಲಿತ್ತು. ಅವ್ವನಿಗೆ ಹೊದಿಸುವುದು ದೊಡ್ಡವ್ವನ ಟ್ರಂಕಿನಲ್ಲಿತ್ತು. ಯಾರು ಮೊದಲು ಹೋದರೂ ಇನ್ನೊಬ್ಬಳು ಅವಳಿಗೆ ತವರಾಗಿ ಬರಬೇಕೆಂಬುದು ಅವರ ಮಾತು.

ಈಚೆಗೆ ದೊಡ್ಡವ್ವನಿಗೆ ಕಿವಿ ಪೂರಾ ಹೋಗಿತ್ತು, ಫೋನಿನ ಮಾತು ನಿಂತಿತ್ತು. ಅವ್ವನ ಮಂಡಿ ಹಿಡಿದುಕೊಂಡು ಲೋಕಲ್ ಹತ್ತುವುದು ನಿಂತಿತ್ತು. ದೊಡ್ಡವ್ವ ತನ್ನ ಮಗಳ ಜೊತೆ ಇದ್ದ ಚಾಳು ಪವಾಯಿಯ ಗುಡ್ಡದ ಮೇಲೆ, ನನ್ನ ಖೋಲಿಯಿಂದ ನಡೆದರೆ ಕಾಲು ಗಂಟೆ. ನಾನು ಅಲ್ಲಿಗೆ ಹೋಗದೆ ಆರು ತಿಂಗಳ ಮೇಲಾಗಿತ್ತು. ಯಾಕೆ ಹೋಗಲಿಲ್ಲ ಎಂದರೆ ಹೇಳಲು ಒಂದೂ ಕಾರಣವಿಲ್ಲ.

ಅವ್ವ ಕುಸಿದುಬಿದ್ದ ವಾರದ ಭಾನುವಾರ ವಡಾಲಕ್ಕೆ ಹೋದೆ. ಮಧ್ಯಾಹ್ನ ಊಟ ಮುಗಿಸಿ ಅವ್ವನ ಎದುರೇ ಲ್ಯಾಪ್‌ಟಾಪ್ ತೆರೆದು ಕೂತೆ. ವೆಬ್ ಸರ್ವರಿಗೆ ಪುಟದ ವೇಗ ಹೆಚ್ಚಿಸುವ ಒಂದು ಮಾಡ್ಯೂಲ್ ಹಾಕುವುದೆಂದು ತೀರ್ಮಾನಿಸಿದ್ದೆ. ಹಳೇ ಕಾಲದ್ದು, ಈಗ ಅದನ್ನು ಹಾಕುವವರು ಕಡಿಮೆ. ಸಂಘದ ಸರ್ವರೂ ಹಳೆಯದೇ, ಎರಡೂ ಒಂದಕ್ಕೊಂದು ಹೊಂದಿಕೊಂಡವು. ಕಪ್ಪು ಪರದೆಯಲ್ಲಿ ನಾಲ್ಕು ಸಾಲು ಬರೆದು ಇಳಿಸಿಕೊಂಡೆ, ಕೂರಿಸಿದೆ, ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದೆ. ಈ ಮಾಡ್ಯೂಲ್ ಮಾಡುವುದಿಷ್ಟೇ: ಭಾರದ ಫೋಟೋವನ್ನು ಹಿಂಡಿ ಹಗುರ ಮಾಡಿ ಒಂದು ಪ್ರತಿ ತನ್ನ ಹತ್ತಿರ ಇಟ್ಟುಕೊಳ್ಳುತ್ತದೆ. ಯಾರಾದರೂ ಪುಟ ತೆರೆದರೆ ಅಸಲು ಫೋಟೋವರೆಗೆ ಹೋಗದೆ ಕೈಯಲ್ಲಿರುವ ಆ ಪ್ರತಿಯನ್ನೇ ಕೊಟ್ಟು ಕಳಿಸುತ್ತದೆ. ಅದನ್ನು ಎಷ್ಟು ದಿನ ಇಟ್ಟುಕೊಳ್ಳಬೇಕೆಂದು ನಾವು ಹೇಳಬೇಕು. ಫೋಟೋಗಳನ್ನು ಒಂದು ವರ್ಷ ಇಟ್ಟುಕೋ ಎಂದು ಬರೆದೆ. ನಮ್ಮ ಆಫೀಸಿನಲ್ಲಿ ಹಾಗೇ ಬರೆಯುತ್ತೇವೆ, ಯಾಕೆಂದರೆ ಅಲ್ಲಿ ಪ್ರತಿಯೊಂದು ಹೊಸ ಫೋಟೋಗೂ ಹೊಸ ಹೆಸರಿರುತ್ತದೆ. ಕೈ ತಾನಾಗಿ ಬರೆಯಿತು, ತಲೆ ಎಲ್ಲಿತ್ತೋ ಗೊತ್ತಿಲ್ಲ.

ಪುಟದ ವೇಗ ಅಳೆಯುವ ಇನ್ನೊಂದು ಸೈಟಿನಲ್ಲಿ ಹಾಕಿ ನೋಡಿದೆ. ಇಷ್ಟು ದಿನ ಕೆಂಪಗಿದ್ದ ವೃತ್ತ ಹಸಿರಾಗಿತ್ತು. ಅವ್ವನ ಕೈಗೆ ಮೊಬೈಲು ಕೊಟ್ಟೆ. ಬೆರಳು ಇಟ್ಟಿದ್ದೇ ತಡ, ಬೋರ್ಡು ಬಂದು ನಿಂತಿತು. ನಡುವೆ ಎರಡು ಪದ.

“ಅಯ್ಯ, ಕಣ್ಣ ಮುಚ್ಚಿ ತೆಗ್ಯಾದ್ರಾಗ ಬಂತಲ್ಲೋ,” ಎಂದು ಅವ್ವ ನಕ್ಕಳು. ಮುಚ್ಚಿ ಮತ್ತೆ ತೆರೆದಳು, ಮತ್ತೆ ಬಂತು. ವೈನಿಯನ್ನು ಕರೆದು ತೋರಿಸಿದಳು. “ಕಲ್ತ ಮಗಾ ಇದ್ರ ಇದ ನೋಡು ಉಪಯೋಗ,” ಅಂದಳು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆಫೀಸಿನಲ್ಲಿ ಎಷ್ಟೋ ದೊಡ್ಡ ಕೆಲಸ ಮಾಡಿದ್ದೇನೆ, ಅವ್ವನಿಗೆ ಅರ್ಥವಾದ ಕೆಲಸ ಅದೊಂದೇ.

ಸೋಮವಾರ ಬೆಳಿಗ್ಗೆ ಅವ್ವ ಬೋರ್ಡು ನೋಡಿ ಎಂಟೂವರೆಗೆಲ್ಲ ರೊಟ್ಟಿ ತಿಂದಳಂತೆ. ಮಂಗಳವಾರವೂ ತಿಂದಳು.

ಮಂಗಳವಾರ ಹತ್ತು ಗಂಟೆಯ ಸುಮಾರಿಗೆ ಗುಮಾಸ್ತ ಕಾಕಾ ಫೋನು ಮಾಡಿದರು. ನಾನು ಆಫೀಸಿನಲ್ಲಿ ಮೀಟಿಂಗಿಗೆ ಹೊರಟಿದ್ದೆ.

“ತಮ್ಮಾ, ಫೋಟೋ ಹಾಕೀನಿ, ಖರೆ ಹೊಸಾದು ಕಾಣವಲ್ದಲ್ಲೋ. ನಿನ್ನಿದ ಬರಾಕತ್ತೈತಿ.”

“ಕಾಕಾ, ಅದು ನಿಮ್ಮ ಮೊಬೈಲಿಂದು. ಬಂದ್ ಮಾಡಿ ಚಾಲೂ ಮಾಡ್ರಿ.”

“ಮಾಡಿದೆಪಾ. ಆದ್ರೂ...”

“ಇನ್ನೊಮ್ಮೆ ಮಾಡ್ರಿ ಕಾಕಾ. ನಾ ಭಾನುವಾರ ಎಲ್ಲಾ ಚೆಕ್ ಮಾಡೀನಿ. ಎಲ್ಲಾ ಬರೋಬ್ಬರಿ ಐತಿ.”

“ಹಂಗಂತೀಯಾ? ಆತು ಬಿಡು,” ಎಂದು ಅವರು ಇಟ್ಟರು. ಬೋರ್ಡಿನಲ್ಲಿ ಏನು ಬರೆದಿದ್ದೀರಿ ಎಂದು ನಾನು ಕೇಳಲಿಲ್ಲ. ಒಂದು ಮಾತು ಕೇಳಲು ಎಷ್ಟು ಹೊತ್ತು ಬೇಕು? ಮೀಟಿಂಗಿನಲ್ಲಿ ಏನು ಮಾತಾಡಿದೆವೆಂಬುದು ಇವತ್ತು ನೆನಪಿಲ್ಲ, ಕಾಕಾನ ಜೊತೆ ಆಡಿದ್ದು ಮಾತ್ರ ಅಕ್ಷರ ಅಕ್ಷರ ನೆನಪಿದೆ.

ಬುಧವಾರ ಸಂಜೆ ಆಫೀಸಿನಿಂದ ಬರುವಾಗ ಗುಡ್ಡದ ಬುಡದಲ್ಲಿ ಅಂಗಡಿ ಇಟ್ಟಿರುವ ಟೇಲರ್ ಚಾಚಾ ನನ್ನನ್ನು ನಿಲ್ಲಿಸಿದರು. ಅವರೂ ಕಲಬುರಗಿಯವರು, ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ. ದೊಡ್ಡವ್ವನ ಚಾಳಿನ ಎದುರೇ ಅವರ ಮನೆ. “ನಿನ್ನೆ ನೀವು ಯಾರೂ ಕಾಣಲಿಲ್ಲಲ್ರೀ ಮಣ್ಣಿಗೆ? ನಿಮ್ಮ ತಾಯಿನೂ ಬರಲಿಲ್ಲ,” ಅಂದರು.

“ಯಾರ ಮಣ್ಣು ಚಾಚಾ?”

ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. “ಯಾ ಅಲ್ಲಾ, ನಿಮಗ ಗೊತ್ತೇ ಇಲ್ಲೇನು,” ಎಂದರು.

ಅಲ್ಲೇ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ನೋಡುವ ಮೊದಲೇ ಗೊತ್ತಾಗಿತ್ತು. ಮಾಡ್ಯೂಲ್ ಇಟ್ಟುಕೊಂಡಿದ್ದನ್ನೆಲ್ಲ ಖಾಲಿ ಮಾಡು ಎಂದು ಒಂದೇ ಸಾಲು ಬರೆದೆ, ಪುಟ ತೆರೆದೆ. ಫೋಟೋ ಕಾಣಲಿಲ್ಲವೆಂದೋ ಏನೋ, ಕಾಕಾ ಮಂಗಳವಾರದ ಬೋರ್ಡನ್ನು ಬುಧವಾರವೂ ಒರೆಸಿರಲಿಲ್ಲ. ದೊಡ್ಡವ್ವನ ಹೆಸರು, ಅವಳ ಊರಿನ ಹೆಸರು, ಮಧ್ಯಾಹ್ನ ನಾಲ್ಕಕ್ಕೆ ಮಣ್ಣು. ಕಾಕಾನ ಅಕ್ಷರ ಗುಂಡಗೆ, ಬಲು ಚೆಂದ. ಭಾನುವಾರ ನಾನೇ ಹಿಂಡಿ ಇಡಿಸಿದ ‘ಎಲ್ಲರೂ ಕ್ಷೇಮ’ವನ್ನು ಸರ್ವರು ಮೂರು ದಿನ ನಿಷ್ಠೆಯಿಂದ ಎಲ್ಲರಿಗೂ ಕೊಟ್ಟಿತ್ತು. ಫೋಟೋದ ಹೆಸರು ದಿನವೂ ಅದೇ, ಒಂದು ವರ್ಷ ಇಟ್ಟುಕೋ ಎಂದು ಅದಕ್ಕೆ ಹೇಳಿದವನೂ ನಾನೇ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಬೇರೆಯವರನ್ನು ನೋಡಿ ನಕ್ಕವನು ನಾನು.

ಅವತ್ತು ಪವಾಯಿಯಿಂದ ವಡಾಲದ ದಾರಿ ಮುಗಿಯಲೇ ಇಲ್ಲ. ಕುರ್ಲಾದಲ್ಲಿ ಹಾರ್ಬರ್ ಲೈನಿನ ಗಾಡಿ ಹಿಡಿಯುವಾಗ ಎರಡು ಗಾಡಿ ಬಿಟ್ಟೆ. ಗರ್ದಿ ಇರಲಿಲ್ಲ, ಹತ್ತಲು ಮನಸ್ಸಾಗಲಿಲ್ಲ ಅಷ್ಟೇ. ಅವ್ವ ಮೆಂತ್ಯ ಸೋಸುತ್ತ ಕೂತಿದ್ದಳು. ದೊಡ್ಡವ್ವ ನಿನ್ನೆ ತೀರಿಕೊಂಡಳಂತೆ, ಮಣ್ಣೂ ಆಯಿತಂತೆ ಎಂದೆ. ಅವಳು ಅಳಲಿಲ್ಲ. ನಂಬಲೇ ಇಲ್ಲ.

“ಹುಚ್ಚ ಅದೀಯೇನು? ನಾ ದಿನಾ ಬೋರ್ಡ್ ನೋಡೇನಿ. ಎಲ್ಲಾರೂ ಛಲೋ ಅದಾರ ಅಂತ ಇತ್ತು. ವೈನಿನ್ನ ಕೇಳು,” ಅಂದಳು. ವೈನಿ ತಲೆ ಆಡಿಸಿದಳು. ಅವ್ವನ ಕೈ ಮೆಂತ್ಯದ ಮೇಲೆ ಹಾಗೇ ನಿಂತಿತ್ತು. ನನ್ನ ಮುಖವನ್ನು ನೋಡಿ ನೋಡಿ ಕೊನೆಗೆ ಅವಳಿಗೆ ಮಾತು ಒಳಗೆ ಇಳಿಯಿತು. “ಆ ಮುದುಕ ಬರದೇ ಇಲ್ಲ ಹಂಗಾರ. ಮರತಾನ. ಅವನ ಕೈ ಸೇದಿಹೋಗ್ಲಿ, ನಮ್ಮಕ್ಕನ್ನ ಮರತ ಬಿಟ್ಟಾನ,” ಎಂದು ಕಾಕಾನಿಗೆ ಶಾಪ ಹಾಕುತ್ತ ಎದೆ ಬಡಿದುಕೊಂಡಳು. ತಪ್ಪು ನನ್ನದು ಎಂದು ಹೇಳುವ ಧೈರ್ಯ ಅವತ್ತು ನನಗೆ ಬರಲಿಲ್ಲ.

ಮರುದಿನ ಮೂರನೆಯ ದಿನದ ಹಾಲು ತುಪ್ಪ. ಟ್ಯಾಕ್ಸಿ ಮಾಡಿ ಅವ್ವನನ್ನು ಕರೆದುಕೊಂಡು ಹೋದೆ. ಅವಳ ತೊಡೆಯ ಮೇಲೆ ಇಳಕಲ್ ಸೀರೆ ಇತ್ತು. ಗೋರಿಗೆ ಹಾಲು ಎರೆದ ಮೇಲೆ ಅವ್ವ ಸೀರೆಯ ಮಡಿಕೆ ಬಿಚ್ಚಿ ಹಸೀ ಮಣ್ಣಿನ ಮೇಲೆ ಹಾಸಿದಳು. “ಮಣ್ಣಿಗೆ ಹೊಚ್ಚಿದ್ರ ಅಕೀಗೆ ಹೊಚ್ಚಿದಂಗ ಆಗತೈತೇನು,” ಎಂದು ತನ್ನಷ್ಟಕ್ಕೆ ಅಂದಳು.

ಅಲ್ಲಿಂದ ಗುಡ್ಡದ ಮೇಲಿನ ಚಾಳಿಗೆ ಹೋದೆವು. ದೊಡ್ಡವ್ವನ ಮಗಳು ಅವ್ವನನ್ನು ಕಂಡು ಬಾಗಿಲಲ್ಲೇ ಅಪ್ಪಿಕೊಂಡು ಅತ್ತಳು. ಮುಂಬಯಿಯಲ್ಲೇ ಹುಟ್ಟಿದವಳು, ಅವಳ ಕನ್ನಡ ತಡವರಿಸುತ್ತದೆ, ನಡುನಡುವೆ ಹಿಂದಿ ನುಸುಳುತ್ತದೆ.

“ಚಿಗವ್ವ, ನಿನ್ನ ರಾಹ ನೋಡಿದ್ವಿ. ಅವ್ವ ಮೊದಲ ಹೇಳಿದ್ಳು, ನನ್ನ ತವರ ವಡಾಲದಿಂದ ಬರ್ತೈತಿ, ಸೀರಿ ಬರೂತನ ಎತ್ತಬ್ಯಾಡ್ರಿ ಅಂತ. ನಾಲ್ಕಕ್ಕ ಅಂತ ಬರ್ಸಿದ್ವಿ. ಐದರ ತನಾ ಕುಂಡ್ರಿಸೇ ಇಟ್ಟಿದ್ವಿ. ಗಾಡಿವಾಲಾ ಚಿಲ್ಲಾಯಾ, ಇನ್ನೂ ಎಷ್ಟೊತ್ತು ಅಂತ. ಮತ್ತ ನಾನ ನನ್ನ ಸೀರಿ ಹೊಚ್ಚಿದೆ, ಚಿಗವ್ವ. ಫೋನ್ ಮಾಡ್ತೀನಿ ಅಂದೆ, ಹಿರ್ಯಾರು ಬ್ಯಾಡಂದ್ರು. ಬೋರ್ಡಿಗೆ ಬಂದೈತಿ, ಬರೂದಿದ್ರ ಬರ್ತಾರ ಅಂದ್ರು.”

ಒಂದು ಗಂಟೆ. ಯಾರೂ ಬರದ ದಾರಿಯನ್ನು ನೋಡುತ್ತ ಅಷ್ಟು ಮಂದಿ ಕಾದಿದ್ದರು. ಬರೂದಿದ್ರ ಬರ್ತಾರ ಎಂಬ ಮಾತು ಅವ್ವನಿಗೆ ಚುಚ್ಚಿತು. ಮತ್ತೆ ಕಾಕಾನನ್ನು ಬೈಯಲು ಬಾಯಿ ತೆರೆದಳು. ಆಗ ನನ್ನಿಂದ ತಡೆಯಲಾಗಲಿಲ್ಲ.

“ಯವ್ವಾ, ಕಾಕಾನ್ನ ಬೈಬ್ಯಾಡ. ಅವರು ಬರದಿದ್ರು. ಫೋಟೋನೂ ಹಾಕಿದ್ರು. ನಾ ಭಾನುವಾರ ಕೂಡಿಸಿದ್ದು ಅದನ್ನ ತೋರಿಸ್ಲಿಲ್ಲ. ಹಳೇ ಫೋಟೋನ ಇಟಗೊಂಡು ಅದನ್ನ ತೋರಿಸ್ತು.”

ಅವ್ವ ನನ್ನ ಕಡೆ ತಿರುಗಿದಳು. “ಯಾಕ?”

“ಲಗೂನ ತೆರೀಲಿ ಅಂತ ನಾ ಹಂಗ ಇಟ್ಟಿದ್ದೆ. ನೀ ಕಾಯೂದು ತಪ್ಪಲಿ ಅಂತ.”

“ನನಗ ಏನ ಅವಸರ ಇತ್ತೋ ಯಪ್ಪಾ?” ಅಂದಳು. ಸಿಟ್ಟಿನಿಂದ ಅಂದದ್ದಲ್ಲ, ನಿಜವಾಗಿಯೂ ಕೇಳಿದಳು. “ನಾ ನಿಂತು ಕಾಯತಿದ್ದೆ. ಹಸಿವಿನಿಂದ ಬಿದ್ರೂ ಎದ್ದು ನೋಡತಿದ್ದೆ. ಅಕೀ ಅಲ್ಲಿ ನನ್ನ ದಾರಿ ನೋಡತಾ ಕುಂತಾಳ, ನಾ ಇಲ್ಲಿ ರೊಟ್ಟಿ ತಿಂದೇನಿ. ಹೊಟ್ಟಿ ತುಂಬ ತಿಂದೇನಿ.” ಆಮೇಲೆ ಅತ್ತಳು. ಅಷ್ಟು ಜೋರಾಗಿ ಅವಳು ಅತ್ತದ್ದನ್ನು ನಮ್ಮಪ್ಪ ತೀರಿಕೊಂಡಾಗಲೂ ನಾನು ಕೇಳಿರಲಿಲ್ಲ. ದೊಡ್ಡವ್ವನ ಮಗಳು ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಹೊರಡುವಾಗ ಮಗಳು ಒಳಗಿನಿಂದ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಗಂಟು ತಂದಳು. “ಇದು ನಿನ್ನ ಹೆಸರಿಂದು ಚಿಗವ್ವ,” ಎಂದು ಅವ್ವನ ಕೈಯಲ್ಲಿಟ್ಟಳು. ನುಸಿಗುಳಿಗೆಯ ವಾಸನೆ ಬಂತು. ಅವ್ವ ಬಿಚ್ಚಿ ನೋಡಲಿಲ್ಲ.

ಮಾಡ್ಯೂಲನ್ನು ನಾನು ಅವತ್ತೇ ಕಿತ್ತು ಹಾಕಿದೆ. ಒಂದು ಸೆಟ್ಟಿಂಗು ಬದಲಿಸಿದ್ದರೆ ಸಾಕಿತ್ತು, ಕಲಿತವನು ಹಾಗೆಯೇ ಮಾಡಬೇಕು. ನನಗೆ ಅದರ ಹೆಸರು ನೋಡಲೂ ಆಗುತ್ತಿರಲಿಲ್ಲ. ಆ ಭಾನುವಾರ ವಿಲೆ ಪಾರ್ಲೆಗೆ ಹೋಗಿ ಕಾಕಾನ ಕಾಲು ಹಿಡಿದೆ. ಅವರು ಗಾಬರಿಯಾಗಿ ಎಬ್ಬಿಸಿದರು. “ನೀ ಹೇಳಿದಂಗ ಎರಡ ಸಲ ಬಂದ್ ಮಾಡಿ ಚಾಲೂ ಮಾಡಿದ್ನೆಪಾ. ಆದ್ರೂ ಹಳೇದ ಬಂತು. ನೀ ಕಲ್ತಾವ, ನಿನಗ ಗೊತ್ತಿರತೈತಿ ಅಂತ ಸುಮ್ಮನಾದೆ. ನಾ ಇನ್ನೊಂದ ಮಾತು ಹೇಳಬೇಕಿತ್ತು,” ಎಂದು ತಪ್ಪನ್ನು ತಮ್ಮ ಮೇಲೆಯೇ ಹಾಕಿಕೊಂಡರು. ಅವರು ನಾಲ್ಕು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಪುಟ ಈಗ ಮೊದಲಿನಷ್ಟೇ ನಿಧಾನ. ಯಾರೂ ದೂರಿಲ್ಲ. ಅವ್ವ ಮಾತ್ರ ಬೋರ್ಡು ನೋಡುವುದನ್ನು ಬಿಟ್ಟಳು. ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ತಿನ್ನುತ್ತಾಳೆ. “ಇನ್ನ ಯಾರದ ನೋಡ್ಲಿ,” ಅನ್ನುತ್ತಾಳೆ. ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ. ವಡಾಲಕ್ಕೆ ಹೋದರೆ ಉಣ್ಣಲು ಬಡಿಸುತ್ತಿದ್ದಳು, ಮಾತು ಮಾತ್ರ ಕಡಿಮೆ.

ತಿಂಗಳೊಪ್ಪತ್ತಾದ ಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅವ್ವ ಟ್ರಂಕು ತೆರೆದಳು. ದೊಡ್ಡವ್ವನ ಮಗಳು ಕೊಟ್ಟ ಗಂಟನ್ನು ತಂದು ನನ್ನ ಮುಂದಿಟ್ಟಳು.

“ಇದನ್ನ ನಿನ್ನ ಖೋಲಿಗೆ ಒಯ್ಯಿ. ಜ್ವಾಕಿ.”

“ನನಗ್ಯಾಕ ಯವ್ವಾ? ಇಲ್ಲೇ ಇರಲಿ.”

“ಇಲ್ಲಿ ಇರಬಾರದು. ತವರಿನ ಸೀರಿ ಹೊರಗಿನಿಂದ ಬರಬೇಕು.” ಗಂಟನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು. “ನಾ ಹೋದ ದಿನ ನೀ ನನ್ನ ತಲಿ ಕಡೆ ನಿಂದ್ರಬ್ಯಾಡ. ನೀರು ಹಾಕೂದು, ಹೆಗಲು ಕೊಡೂದು, ಮಣ್ಣ ಕೊಡೂದು ನಿಮ್ಮಣ್ಣ ಮಾಡ್ತಾನ. ನೀ ಆಗ ಮಗಾ ಅಲ್ಲ. ಇದನ್ನ ಹಿಡಕೊಂಡು ಪವಾಯಿಯಿಂದ ಬಾ. ನಮ್ಮಕ್ಕನ ಬದ್ಲಿ ಬಾ. ನನ್ನ ತವರಿನಾವ ಅಂತ ಬಾಗಲಾಗ ನಿಂತು ಕೊಟ್ಟು, ಹೊರಗಿನವರ ಸಾಲಿನಾಗ ನಿಂದರು.”

ನಾನು ಅವಳ ಕಾಲ ಹತ್ತಿರ ಕೂತಿದ್ದೆ. ಹಾಗನ್ನಬೇಡ ಎಂದು ಹೇಳಬಹುದಿತ್ತು. ಹೇಳುವ ಹಕ್ಕು ನನಗಿರಲಿಲ್ಲ.

“ಬರ್ತೀಯಿಲ್ಲೋ?” ಎಂದು ಅವ್ವ ಕೇಳಿದಳು.

“ಬರ್ತೀನಿ ಯವ್ವಾ,” ಅಂದೆ.